ಗೊಂಬೆ ಕೂರುವುದು ಒಂಬತ್ತು ದಿನ, ಮರ ಒಣಗುವುದು ಹಲವು ತಿಂಗಳು

ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ ಹಳೆಯ ಮೈಸೂರು ಪ್ರಾಂತದ ಅನೇಕ ಮನೆಗಳಲ್ಲಿ ಅಟ್ಟದ ಮೇಲಿನ ಟ್ರಂಕುಗಳು ಕೆಳಗಿಳಿಯುತ್ತವೆ. ಹಳೆಯ ಸೀರೆಯ ತುಂಡುಗಳಲ್ಲಿ ಸುತ್ತಿಟ್ಟ ಗೊಂಬೆಗಳನ್ನು ಒಂದೊಂದಾಗಿ ಬಿಚ್ಚಿ, ಧೂಳು ಒರೆಸಿ, ಯಾವುದರ ಕೈ ಮುರಿದಿದೆ, ಯಾವುದರ ಬಣ್ಣ ಎದ್ದಿದೆ ಎಂದು ನೋಡಲಾಗುತ್ತದೆ. ಮೊದಲು ಹೊರಬರುವುದು ಪಟ್ಟದ ಗೊಂಬೆಗಳು. ರಾಜ ರಾಣಿಯರ ಈ ಮರದ ಜೋಡಿಯನ್ನು ಮದುವೆಯಲ್ಲಿ ಮಗಳಿಗೆ ತವರಿನವರು ಕೊಟ್ಟು ಕಳುಹಿಸುವುದು ವಾಡಿಕೆ. ಅಜ್ಜಿಯ ಪಟ್ಟದ ಗೊಂಬೆ, ಅತ್ತೆಯ ಪಟ್ಟದ ಗೊಂಬೆ, ಸೊಸೆಯ ಪಟ್ಟದ ಗೊಂಬೆ ಮೂರೂ ಒಂದೇ ಮೆಟ್ಟಿಲಿನಲ್ಲಿ ಸಾಲಾಗಿ ನಿಲ್ಲುವ ಮನೆಗಳು ಇಂದಿಗೂ ಇವೆ.

ಅಂದಿನ ಕೆಲಸ ಒಬ್ಬಿಬ್ಬರಿಂದ ಆಗುವಂಥದ್ದಲ್ಲ. ಮೆಟ್ಟಿಲುಗಳನ್ನು ಕಟ್ಟಬೇಕು, ಅವು ಮೂರು, ಐದು, ಏಳು, ಒಂಬತ್ತು ಹೀಗೆ ಬೆಸಸಂಖ್ಯೆಯಲ್ಲೇ ಇರಬೇಕು. ಹಿಂದೆ ಪೆಟ್ಟಿಗೆ, ಬೆಂಚು, ಮಣೆಗಳನ್ನು ಒಂದರ ಮೇಲೊಂದು ಪೇರಿಸಿ ಬಿಳಿಯ ಪಂಚೆ ಹೊದಿಸುತ್ತಿದ್ದರು. ಈಗ ಮಡಚಿಡುವ ಕಬ್ಬಿಣದ ಚೌಕಟ್ಟುಗಳೂ ಸಿಗುತ್ತವೆಯಾದರೂ, ಹಲಗೆ ಕೊಯ್ದು ತಾವೇ ಮೆಟ್ಟಿಲು ಕೂಡಿಸುವ ಹವ್ಯಾಸ ಕೆಲವರಿಗೆ ಉಳಿದಿದೆ. ನೆರೆಮನೆಯವರು ಹತ್ತರಿ, ಗರಗಸಗಳೊಡನೆ ಬರುತ್ತಾರೆ, ಮತ್ತೊಬ್ಬ ಮಿತ್ರರು ಉಪ್ಪುಕಾಗದ ಹಿಡಿದು ಅಂಚು ಉಜ್ಜುತ್ತಾರೆ, ಸಲಹೆ ನೀಡುವವರಂತೂ ಧಾರಾಳವಾಗಿರುತ್ತಾರೆ. ಸಂಜೆಯ ಹೊತ್ತಿಗೆ ಕಾಫಿಯ ಲೋಟಗಳ ಸಂಖ್ಯೆ ಮೊಳೆಗಳ ಸಂಖ್ಯೆಯನ್ನು ಮೀರಿರುತ್ತದೆ.

ಮಕ್ಕಳ ಪಾಲಿಗೆ ಮೆಟ್ಟಿಲಿಗಿಂತ ಅದರ ಮುಂದಿನ ‘ಪಾರ್ಕು’ ದೊಡ್ಡದು. ತಟ್ಟೆಯಲ್ಲಿ ಮಣ್ಣು ಹರಡಿ ವಾರದ ಮೊದಲೇ ಬಿತ್ತಿದ ರಾಗಿ, ಸಾಸಿವೆಗಳು ಮೊಳೆತು ಗದ್ದೆಯಾಗುತ್ತವೆ. ಬಡಗಿಯ ಅಂಗಡಿಯಿಂದ ತಂದ ಮರದ ಹೊಟ್ಟಿಗೆ ಹಸಿರು ಬಣ್ಣ ಬೆರೆಸಿದರೆ ಹುಲ್ಲುಹಾಸು, ಒಡೆದ ಕನ್ನಡಿಯ ಚೂರು ಕೆರೆ. ಮಿಕ್ಕ ಹಲಗೆಯ ತುಂಡುಗಳಲ್ಲಿ ಸೇತುವೆ, ಬೇಲಿ, ರೈಲು ನಿಲ್ದಾಣ ಸಿದ್ಧವಾಗುತ್ತವೆ. ಪಾಡ್ಯದಿಂದ ಪ್ರತಿ ಸಂಜೆ ಕೇರಿಯ ಮಕ್ಕಳು ಬಾಗಿಲಲ್ಲಿ ನಿಂತು “ಗೊಂಬೆ ಕೂರಿಸಿದ್ದೀರಾ?” ಎಂದು ಕೇಳಿ ಒಳಬಂದು, ನೋಡಿ, ಚರ್ಪು ಪಡೆದು ಮುಂದಿನ ಮನೆಗೆ ಓಡುತ್ತಾರೆ. ದೊಡ್ಡವರು ಮಾತ್ರ ಸಾವಕಾಶವಾಗಿ ಕುಳಿತು, ಈ ಸಲ ಏನು ಹೊಸತು ಎಂದು ಮೆಟ್ಟಿಲುಗಳ ಮೇಲೆ ಕಣ್ಣಾಡಿಸುತ್ತಾರೆ.

ವರ್ತಕರಿಗೆ ಮುಖ್ಯವಾದುದು ಈ ಕಡೆಯ ಪ್ರಶ್ನೆ. ಗೊಂಬೆ ಎಂಬುದು ಪಟಾಕಿಯಂತೆ ಸುಟ್ಟು ಮುಗಿಯುವ ಸರಕಲ್ಲ, ಸಿಹಿತಿಂಡಿಯಂತೆ ತಿಂದು ತೀರುವ ಸರಕೂ ಅಲ್ಲ. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ, ಸವಕಳಿಯೇ ಇಲ್ಲದ ಸ್ಥಿರಾಸ್ತಿಯಿದು. ಹಳೆಯದಾದಷ್ಟೂ ಮನೆಯವರ ಕಣ್ಣಿನಲ್ಲಿ ಅದರ ಬೆಲೆ ಏರುತ್ತದೆ. ಹಳೆಯದನ್ನು ಎಸೆದು ಹೊಸತನ್ನು ಕೊಳ್ಳುವ ಪದ್ಧತಿ ಇಲ್ಲಿಲ್ಲ. ಆದುದರಿಂದ ಬೇಡಿಕೆ ನಿಂತಿರುವುದು ವರ್ಷಕ್ಕೊಂದಾದರೂ ಹೊಸ ಗೊಂಬೆ ಸೇರಿಸಬೇಕೆಂಬ ವಾಡಿಕೆಯ ಮೇಲೆ ಮತ್ತು ಜಂಬೂಸವಾರಿ, ಮದುವೆ ಮನೆ, ಹಳ್ಳಿಯ ಸಂತೆ ಮುಂತಾದ ದೃಶ್ಯಗಳ ಮೇಲೆ. ಅಂಬಾರಿಯ ಆನೆ ಕೊಂಡವರು ಮರುವರ್ಷ ಕುದುರೆಸವಾರರನ್ನು, ಅದರ ಮರುವರ್ಷ ವಾದ್ಯದವರನ್ನು ಕೇಳಿಕೊಂಡು ಬರುತ್ತಾರೆ. ಅದೇ ಅಳತೆಯ, ಅದೇ ಬಣ್ಣದ ಗೊಂಬೆಗಳನ್ನು ಸತತವಾಗಿ ಒದಗಿಸಬಲ್ಲ ಅಂಗಡಿಗೆ ಗಿರಾಕಿ ಕಾಯಂ. ವರ್ಷವರ್ಷವೂ ಸಿಕ್ಕಿದ್ದನ್ನು ತಂದು ಮಾರುವ ಅಂಗಡಿಗೆ ಈ ಲಾಭವಿಲ್ಲ.

ಸತತ ಪೂರೈಕೆಯ ಮಾತು ಬಂದಾಗ ಚನ್ನಪಟ್ಟಣವನ್ನು ನೋಡಬೇಕಾಗುತ್ತದೆ. 2005–06ನೇ ಸಾಲಿನಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಇಲ್ಲಿನ ಆಟಿಕೆ ಮತ್ತು ಗೊಂಬೆಗಳಿಗೆ ಮೂಲ ಸಾಮಗ್ರಿ ಹಾಲೆ ಮರ. ಬಿಳುಪಾದ, ಮೃದುವಾದ, ಎಳೆ ಕಾಣದ ಮರವಿದು. ಕಡಿದ ತುಂಡುಗಳು ಕೆಲವು ತಿಂಗಳು ನೆರಳಿನಲ್ಲಿ ಒಣಗಬೇಕು. ಹಸಿಯಾಗಿ ಕಡೆದರೆ ಮೇಲೆ ಅರಗು ಎಷ್ಟು ಚೆನ್ನಾಗಿ ಹಿಡಿದರೂ ಒಳಗಿನ ಮರ ಬಿರಿಯುತ್ತದೆ. ಒಣಗಿದ ತುಂಡನ್ನು ಲೇತ್ ಯಂತ್ರಕ್ಕೆ ಸಿಕ್ಕಿಸಿ ಉಳಿಯಿಂದ ರೂಪ ಕೊಟ್ಟು, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯಲಾಗುತ್ತದೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಬಳಿಕ ತಾಳೆ ಗರಿ ಹಿಡಿದು ಸವರಿದರೆ ಕನ್ನಡಿಯಂಥ ಹೊಳಪು. ಈ ಕುಶಲಕರ್ಮಿಗಳಲ್ಲಿ ಮುಸ್ಲಿಂ ಕುಟುಂಬಗಳವರು ಬಹಳ ಮಂದಿ. ಅವರು ಕಡೆದ ಗೊಂಬೆಗಳು ನವರಾತ್ರಿಯ ಮೆಟ್ಟಿಲೇರುವುದು ಈ ಭಾಗದಲ್ಲಿ ಯಾರೂ ವಿಶೇಷವೆಂದು ಭಾವಿಸದ ಸಂಗತಿ.

ಇಲ್ಲಿಯೇ ತೊಡಕು ಇರುವುದು. ಬಹುಪಾಲು ಅಂಗಡಿಗಳು ದಸರೆಯ ಸರಕಿಗೆ ಬೇಡಿಕೆ ಸಲ್ಲಿಸುವುದು ಗಣೇಶನ ಹಬ್ಬದ ಆಸುಪಾಸಿನಲ್ಲಿ. ಅಷ್ಟರಲ್ಲಿ ಮಳೆಗಾಲ ಬಂದಿರುತ್ತದೆ, ಆಗ ಕಡಿದ ಮರ ನವರಾತ್ರಿಗೆ ಒಣಗದು. ನವರಾತ್ರಿಗೆ ಬೇಕಾದ ಮರ ಬೇಸಿಗೆಯಲ್ಲೇ ಕೊಟ್ಟಿಗೆ ಸೇರಿರಬೇಕು. ಅಂದರೆ ಚೈತ್ರ ವೈಶಾಖಗಳಲ್ಲೇ ಮರಕ್ಕೆ ಹಣ ತೊಡಗಿಸಿದವರು ಯಾರೋ ಇರಬೇಕು. ಆ ‘ಯಾರೋ’ ಇಂದಿನ ವ್ಯವಸ್ಥೆಯಲ್ಲಿ ಕುಶಲಕರ್ಮಿಯೇ ಆಗಿದ್ದಾರೆ. ಬಂಡವಾಳ ಅತಿ ಕಡಿಮೆ ಇರುವವರ ಮೇಲೆ ಅತಿ ದೀರ್ಘಾವಧಿಯ ಹೂಡಿಕೆಯ ಭಾರ ಬಿದ್ದಿದೆ. ಮೇಲಾಗಿ, ಮಾಲು ಕೊಟ್ಟ ಮೇಲೂ “ದೀಪಾವಳಿ ಕಳೆಯಲಿ” ಎಂಬ ಉತ್ತರ.

ಈ ಉತ್ತರ ವರ್ತಕರಿಗೆ ಅಗ್ಗವೆಂದು ತೋರುತ್ತದೆ, ವಾಸ್ತವವಾಗಿ ಅಗ್ಗವಲ್ಲ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ, ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ತಯಾರಕರಿಗೆ ಲಿಖಿತ ಒಪ್ಪಂದವಿದ್ದರೂ 45 ದಿನಗಳೊಳಗೆ, ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ ಹಣ ಸಂದಾಯವಾಗಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು, ಅದೂ ಮಾಸಿಕ ಚಕ್ರಬಡ್ಡಿ. ಉದಾಹರಣೆಗೆ, ಸೆಪ್ಟೆಂಬರ್ 1ರಂದು 1 ಲಕ್ಷ ರೂ. ಬೆಲೆಯ ಸರಕು ಬಂದಿತು, ಲಿಖಿತ ಒಪ್ಪಂದವಿಲ್ಲ, ಹಣ ಸಂದದ್ದು ನವೆಂಬರ್ 15ಕ್ಕೆ ಎಂದಿಟ್ಟುಕೊಳ್ಳೋಣ. ಬ್ಯಾಂಕ್ ದರವನ್ನು ಲೆಕ್ಕದ ಅನುಕೂಲಕ್ಕೆ ಶೇ. 6 ಎಂದು ಹಿಡಿದರೆ ಎರಡು ತಿಂಗಳಿಗೆ ಬಡ್ಡಿ 3,022 ರೂ. 50 ಪೈಸೆ. ಆದಾಯ ತೆರಿಗೆಯ ಲೆಕ್ಕದಲ್ಲಿ ಈ ಬಡ್ಡಿಯನ್ನು ವೆಚ್ಚವೆಂದು ಕಳೆಯಲು ಅವಕಾಶವಿಲ್ಲ. ಕುಶಲಕರ್ಮಿ ಅದನ್ನು ಕೇಳುವುದಿಲ್ಲ ಎಂಬ ಧೈರ್ಯವೊಂದೇ ವರ್ತಕರ ಆಧಾರ.

2023ರ ಹಣಕಾಸು ಕಾಯ್ದೆಯ ಮೂಲಕ ಬಂದು, 2024–25ನೇ ಕರ ನಿರ್ಧಾರಣಾ ವರ್ಷದಿಂದ ಅನ್ವಯವಾದ ನಿಯಮದ ಬಗೆಗೂ ತಪ್ಪು ಕಲ್ಪನೆಯಿದೆ. 45 ದಿನ ಮೀರಿದೊಡನೆ ಖರೀದಿಯ ವೆಚ್ಚವೇ ಹೋಯಿತು ಎಂದು ಗಾಬರಿಯಾದವರಿದ್ದಾರೆ. ದಸರೆಯ ಸರಕಿನ ಬಾಕಿಯನ್ನು ಅದೇ ಆರ್ಥಿಕ ವರ್ಷದ ಮಾರ್ಚ್ 31ರೊಳಗೆ ತೀರಿಸಿದಲ್ಲಿ ಅಸಲು ವೆಚ್ಚ ಆ ವರ್ಷವೇ ದೊರೆಯುತ್ತದೆ. ಅದರಾಚೆಗೂ ಉಳಿದರೆ, ಹಣ ಕೊಟ್ಟ ವರ್ಷದಲ್ಲಿ ಮಾತ್ರ. ಬಡ್ಡಿಯ ಹೊಣೆಯಾದರೋ ಎರಡು ಸಂದರ್ಭಗಳಲ್ಲೂ ತಪ್ಪದು.

ಕುಶಲಕರ್ಮಿಗಳಿಗೆ ಬೇಸಿಗೆಯ ಬಂಡವಾಳಕ್ಕೆ ದಾರಿಗಳಿಲ್ಲವೆಂದಲ್ಲ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿಗಳೂ ಗೊಂಬೆ ತಯಾರಕರೂ ಸೇರಿದ್ದಾರೆ. ಶೇ. 5ರ ಬಡ್ಡಿಯಲ್ಲಿ ಮೊದಲ ಕಂತು 1 ಲಕ್ಷ ರೂ., ಎರಡನೆಯದು 2 ಲಕ್ಷ ರೂ. ವರೆಗೆ. ಆದರೂ, ಸಾಲಕ್ಕಿಂತ ಯುಗಾದಿಯ ಹೊತ್ತಿಗೆ ಕೈಸೇರುವ ಮುಂಗಡವೇ ಮೇಲು. ಸಾಲದಿಂದ ಮರ ಬರುತ್ತದೆ, ಮುಂಗಡದೊಡನೆ ಯಾವ ಗೊಂಬೆ ಎಷ್ಟು ಬೇಕು ಎಂಬ ಮಾಹಿತಿಯೂ ಬರುತ್ತದೆ.

ತೆರಿಗೆಯ ಮಟ್ಟಿಗೆ ಕಾಲ ಅನುಕೂಲಕರವಾಗಿದೆ. ಮರದ ಗೊಂಬೆಗಳ ಮೇಲಿನ ಜಿ.ಎಸ್.ಟಿ. ಶೇ. 12ರಿಂದ ಶೇ. 5ಕ್ಕೆ ಇಳಿದದ್ದು 2025ರ ಸೆಪ್ಟೆಂಬರ್ 22ರಂದು; ಆ ದಿನವೇ ಆ ವರ್ಷದ ನವರಾತ್ರಿಯ ಪಾಡ್ಯ. ಗಿರಾಕಿಗೆ ಶುಭವಾರ್ತೆ. ಶೇ. 12 ತೆತ್ತು ಮುಂಚಿತವಾಗಿ ದಾಸ್ತಾನು ಮಾಡಿದ್ದ ಅಂಗಡಿಯವರಿಗೆ ಮಾತ್ರ ಇನ್‌ಪುಟ್ ತೆರಿಗೆ ಜಮೆ ಖಾತೆಯಲ್ಲಿ ಉಳಿದು, ಕರಗಲು ಸಮಯ ಹಿಡಿಯಿತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಕಡ್ಡಾಯವಾದ ಐ.ಎಸ್.ಐ. ಗುರುತಿನಿಂದ, ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿಗಳ ಸರಕಿಗೂ, ಭೌಗೋಳಿಕ ಸೂಚಿಯ ಅಧಿಕೃತ ಬಳಕೆದಾರರ ಸರಕಿಗೂ ವಿನಾಯಿತಿ ದೊರೆತಿದೆ. ನೋಂದಣಿಯ ದಾಖಲೆಯ ಪ್ರತಿ ಅಂಗಡಿಯ ಕಡತದಲ್ಲಿರುವುದು ಒಳಿತು. ರಕ್ತಚಂದನದ ಪಟ್ಟದ ಗೊಂಬೆ ಮಾರುವವರಂತೂ ಮರದ ಮೂಲ ತೋರಿಸುವ ಬಿಲ್ಲು, ಪರವಾನಗಿಗಳಿಲ್ಲದೆ ಒಂದು ಜೋಡಿಯನ್ನೂ ತರಿಸಬಾರದು.

ಮಾರಾಟದ ಸ್ಥಳವೂ ಬದಲಾಗಿದೆ. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಚನ್ನಪಟ್ಟಣವನ್ನು ಬಳಸಿ ಹೋಗುತ್ತದೆ. ಹಳೆಯ ರಸ್ತೆಯಲ್ಲಿ ಕಾರು ನಿಲ್ಲಿಸಿ ಗೊಂಬೆ ಕೊಳ್ಳುತ್ತಿದ್ದ ಪ್ರಯಾಣಿಕರು ಈಗ ಊರನ್ನು ಕಾಣದೆಯೇ ಸಾಗುತ್ತಾರೆ. ದಾರಿಹೋಕರನ್ನು ನಂಬಿದ್ದ ಅಂಗಡಿಗಳು ಬಡವಾಗಿವೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರಿಗೆ ಹೆದ್ದಾರಿಯ ಗಿರಾಕಿಯೇ ಇರಲಿಲ್ಲ. ಹಗುರ ಮರದ ಅಂಗಗಳನ್ನು ಜೋಡಿಸಿ, ಹುಣಿಸೆ ಬೀಜದ ಅಂಟಿನಿಂದ ನಯಗೊಳಿಸಿ ಬಣ್ಣ ತುಂಬುವ ಅವರು ಹೇಳಿ ಮಾಡಿಸಿಕೊಳ್ಳುವವರನ್ನೇ ಹೆಚ್ಚಾಗಿ ನೆಚ್ಚಿದವರು. ಇನ್ನು ಚನ್ನಪಟ್ಟಣವೂ ಆ ದಾರಿಯನ್ನು ಹಿಡಿಯಬೇಕಾದೀತು.

ಹೇಳಿ ಮಾಡಿಸುವವರಿಗೆ ಕೊರತೆಯಿಲ್ಲ. ವಿಜಯದಶಮಿಯ ರಾತ್ರಿ ಪಟ್ಟದ ಗೊಂಬೆಗಳನ್ನು ಮಲಗಿಸಿ, ಮರುದಿನ ಉಳಿದವನ್ನು ಬಟ್ಟೆಯಲ್ಲಿ ಸುತ್ತುವಾಗ ಪ್ರತಿ ಮನೆಯಲ್ಲೂ ಒಂದು ಪಟ್ಟಿ ಹುಟ್ಟುತ್ತದೆ: ಮೆರವಣಿಗೆಗೆ ಎರಡು ಕುದುರೆ ಸಾಲದು, ಮದುವೆ ಮನೆಗೆ ಪುರೋಹಿತರಿಲ್ಲ, ಎದುರುಮನೆಯಲ್ಲಿ ನೋಡಿದಂಥ ಎತ್ತಿನ ಗಾಡಿ ಬೇಕು. ಮರ ಕಡಿಯುವ ಕಾಲಕ್ಕೆ ಇನ್ನೂ ಐದಾರು ತಿಂಗಳು ಬಾಕಿಯಿರುವಾಗ ಸಿದ್ಧವಾಗುವ ಆ ಪಟ್ಟಿ ಅಡುಗೆಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಉಳಿದು, ಅಂಗಡಿಗೆ ತಲುಪುವುದು ಮುಂದಿನ ಭಾದ್ರಪದದಲ್ಲಿ. ಗಿರಾಕಿಯ ಹೆಸರು, ದೂರವಾಣಿ ಸಂಖ್ಯೆ ಬರೆದುಕೊಂಡು ಅದನ್ನು ಕಾರ್ತಿಕದಲ್ಲೇ ಕೇಳಿ ತರಿಸಿಕೊಳ್ಳಲು ವರ್ತಕರಿಗೆ ತಗಲುವ ವೆಚ್ಚ ಒಂದು ನೋಟ್‌ಬುಕ್ಕಿನದು.