ಕೋಚ್ ಮನೆಯಂಗಳದ ಫಲಕಗಳು

ಪಶ್ಚಿಮ ಟೆಕ್ಸಾಸಿನ ಒಡೆಸ್ಸಾದಲ್ಲಿ ಮರಗಳು ಅಪರೂಪ. ಕಣ್ಣು ಹಾಯುವಷ್ಟು ದೂರ ಬರೀ ಬಯಲು, ಅಲ್ಲಲ್ಲಿ ತಲೆ ಎತ್ತಿ ಇಳಿಸುತ್ತ ನೆಲದಾಳದ ಎಣ್ಣೆ ಎಳೆಯುವ ಪಂಪುಗಳು, ಗಾಳಿ ಎದ್ದಾಗಲೆಲ್ಲ ಮುಖಕ್ಕೆ ಬಡಿಯುವ ಧೂಳು. ಶುಕ್ರವಾರ ಸಂಜೆ ಈ ಬಯಲಿನಲ್ಲಿ ಬಲು ದೂರದಿಂದಲೇ ಕಾಣಿಸುವುದು ರ್‍ಯಾಟ್ಲಿಫ್ ಸ್ಟೇಡಿಯಂನ ದೀಪಗಳು. 1982ರಲ್ಲಿ ತೆರೆದ ಈ ಕ್ರೀಡಾಂಗಣದಲ್ಲಿ ಸುಮಾರು 19,000 ಜನ ಕೂರಬಹುದು. ಕೂರುತ್ತಾರೆ ಕೂಡ. ಎಣ್ಣೆಬಾವಿಯ ಕೆಲಸದಿಂದ ನೇರವಾಗಿ ಬಂದವರು, ಮೊಮ್ಮಕ್ಕಳ ಕೈಹಿಡಿದ ಅಜ್ಜಂದಿರು, ಮಗನ ಅಂಗಿಯ ಸಂಖ್ಯೆಯನ್ನೇ ತಮ್ಮ ಅಂಗಿಯ ಮೇಲೂ ಬರೆಸಿಕೊಂಡ ತಾಯಂದಿರು. ‘ಮೋಜೋ, ಮೋಜೋ’ ಎಂಬ ಕೂಗು ಒಂದು ಬದಿಯಿಂದ ಎದ್ದು ಇಡೀ ಅಂಗಣಕ್ಕೆ ಹಬ್ಬುತ್ತದೆ. ಅಮೆರಿಕನ್ ಫುಟ್‌ಬಾಲಿನ ಅಂಡಾಕಾರದ ಚೆಂಡನ್ನು ಎದೆಗವಚಿಕೊಂಡು ಎದುರಾಳಿಗಳ ಗೋಡೆಗೆ ನುಗ್ಗುವವರು ಪರ್ಮಿಯನ್ ಹೈಸ್ಕೂಲಿನ ಹದಿನಾರು, ಹದಿನೇಳರ ಹುಡುಗರು. ಅಂಚಿನ ಬಿಳಿ ಗೆರೆಯ ಆಚೆ ಅವರ ಹೆಡ್ ಕೋಚ್ ನಿಂತಿರುತ್ತಾರೆ. ಗೆದ್ದರೆ ಊರು ಅವರದು. ಸೋತರೆ?

1988ರಲ್ಲಿ ಆ ಗೆರೆಯ ಬಳಿ ನಿಂತಿದ್ದವರು ಗ್ಯಾರಿ ಗೇನ್ಸ್. ಅದೇ ಸೀಮೆಯ ಕ್ರೇನ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದವರು, ಮೆಲುದನಿಯವರು. ನೆರೆಯ ಮಿಡ್‌ಲ್ಯಾಂಡ್ ಲೀ ಶಾಲೆಯ ಎದುರು ಅವರ ತಂಡ 22–21ರಿಂದ ಸೋತಿತು. ಒಂದೇ ಒಂದು ಅಂಕ. ಆ ರಾತ್ರಿ ಅವರ ಮನೆಯ ಮುಂದಿನ ಹುಲ್ಲುಹಾಸಿನಲ್ಲಿ ‘ಮಾರಾಟಕ್ಕಿದೆ’ ಎಂಬ ಫಲಕಗಳನ್ನು ಯಾರೋ ನೆಟ್ಟಿದ್ದರು. ಮನೆ ಮಾರಲು ಹೊರಟವರು ಯಾರೂ ಇರಲಿಲ್ಲ. ಊರು ಬಿಟ್ಟು ಹೋಗು ಎಂದು ಊರೇ ಹೇಳಿದ ರೀತಿ ಅದು. ಆ ಮನೆಯಲ್ಲಿ ಹೆಂಡತಿ, ಮಕ್ಕಳು ಇದ್ದಾರೆಂಬುದು ಫಲಕ ನೆಟ್ಟವರಿಗೆ ಹೊಳೆಯಲಿಲ್ಲವೇ ಎಂದು ಈಗಲೂ ಕೇಳಬೇಕೆನಿಸುತ್ತದೆ.

ಮುಂದಿನದು ಇನ್ನೂ ವಿಚಿತ್ರ. ಜಿಲ್ಲೆಯಲ್ಲಿ ಪರ್ಮಿಯನ್, ಮಿಡ್‌ಲ್ಯಾಂಡ್ ಲೀ, ಮಿಡ್‌ಲ್ಯಾಂಡ್ ಹೈ ಮೂರೂ ಶಾಲೆಗಳು ಸಮಸಮವಾಗಿ ನಿಂತವು, ಪ್ಲೇಆಫ್‌ಗೆ ಹೋಗಬಹುದಾದವು ಎರಡೇ. ನಡುರಾತ್ರಿ ದಾಟಿದ ಮೇಲೆ ಹೆದ್ದಾರಿ ಬದಿಯ ಲಾರಿ ತಂಗುದಾಣವೊಂದರಲ್ಲಿ ಮೂವರು ಕೋಚ್‌ಗಳು ಸೇರಿ ನಾಣ್ಯ ಚಿಮ್ಮಿದರು. ಟಿವಿಯಲ್ಲಿ ಅದರ ನೇರ ಪ್ರಸಾರ. ಮಿಡ್‌ಲ್ಯಾಂಡ್ ಹೈ ಹೊರಬಿತ್ತು, ಪರ್ಮಿಯನ್ ಉಳಿಯಿತು. ಗೇನ್ಸ್ ಕೆಲಸವೂ ಉಳಿಯಿತು ಎನ್ನಬಹುದು. ಒಬ್ಬ ಮೇಷ್ಟರ ಬದುಕು ಅಂದು ನಾಣ್ಯದ ಯಾವ ಮುಖ ಮೇಲೆ ಬೀಳುತ್ತದೆ ಎಂಬುದರ ಮೇಲೆ ನಿಂತಿತ್ತು. ತಂಡ ಸೆಮಿಫೈನಲ್‌ವರೆಗೆ ಹೋಗಿ ಡಲ್ಲಾಸ್ ಕಾರ್ಟರ್ ಎದುರು 14–9ರಿಂದ ಸೋತಿತು. ಮರುವರ್ಷ 16 ಪಂದ್ಯ, 16 ಗೆಲುವು, ರಾಜ್ಯ ಪ್ರಶಸ್ತಿ. ಗೇನ್ಸ್ ಅದನ್ನು ಗೆದ್ದುಕೊಟ್ಟು, ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯದ ಸಹಾಯಕ ಕೋಚ್ ಆಗಿ ಹೊರಟುಹೋದರು.

1988ರ ಆ ಹಂಗಾಮನ್ನು ಊರಿನಲ್ಲೇ ನೆಲೆಸಿ ಕಂಡ ಪತ್ರಕರ್ತ ಎಚ್. ಜಿ. ಬಿಸಿಂಜರ್ 1990ರಲ್ಲಿ ‘ಫ್ರೈಡೇ ನೈಟ್ ಲೈಟ್ಸ್’ ಪುಸ್ತಕ ಬರೆದರು; ಅದು ಸಿನಿಮಾ ಆಯಿತು, ಧಾರಾವಾಹಿಯೂ ಆಯಿತು. ಪುಸ್ತಕದಲ್ಲೊಂದು ಲೆಕ್ಕವಿದೆ: ಗೇನ್ಸ್ ಸಂಬಳ ವರ್ಷಕ್ಕೆ 48,000 ಡಾಲರ್, ಇಪ್ಪತ್ತು ವರ್ಷ ಪಾಠ ಹೇಳಿದ ಇಂಗ್ಲಿಷ್ ವಿಭಾಗದ ಮುಖ್ಯಸ್ಥೆಯದು 32,000. ಈಗ ಟೆಕ್ಸಾಸಿನ ದೊಡ್ಡ ಶಾಲೆಗಳಲ್ಲಿ ಹೆಡ್ ಕೋಚ್ ಸಂಬಳ ಲಕ್ಷ ಡಾಲರ್ ದಾಟುವುದು ಸಾಮಾನ್ಯ. ಮೇಷ್ಟರಿಗಿಂತ ಹೆಚ್ಚು ಕೊಟ್ಟವರು ಮೇಷ್ಟರಿಗಿಂತ ಬೇಗ ಹೊರಗಟ್ಟುತ್ತಾರೆ.

ಡಿಸೆಂಬರಿನಲ್ಲಿ ಆರ್ಲಿಂಗ್ಟನ್ನಿನ ಮಹಾ ಕ್ರೀಡಾಂಗಣದಲ್ಲಿ ರಾಜ್ಯ ಪ್ರಶಸ್ತಿಯ ಫೈನಲ್‌ಗಳು ಮುಗಿಯುತ್ತವೆ. ಆಮೇಲೆ ರಾಜ್ಯದುದ್ದಕ್ಕೂ ಕುರ್ಚಿ ಖಾಲಿಯಾಗುವ, ತುಂಬುವ ಕಾಲ. ಯಾರೋ ನಿವೃತ್ತರಾದರು, ಯಾರನ್ನೋ ‘ಬೇರೆ ಹುದ್ದೆಗೆ ನಿಯೋಜಿಸಲಾಗಿದೆ’, ಯಾರೋ ಪಕ್ಕದ ಜಿಲ್ಲೆಯ ದೊಡ್ಡ ಶಾಲೆಗೆ ಹಾರಿದರು. ಅವರು ಬಿಟ್ಟ ಜಾಗಕ್ಕೆ ಸಣ್ಣ ಊರಿನವರೊಬ್ಬರು, ಆ ಸಣ್ಣ ಊರಿಗೆ ಇನ್ನೂ ಸಣ್ಣ ಊರಿನವರು. ಶಾಲಾ ಮಂಡಳಿ ಸಂಜೆ ಸಭೆ ಸೇರುತ್ತದೆ, ಹೊಸಬರ ಹೆಸರಿಗೆ ಕೈ ಎತ್ತುತ್ತದೆ, ಹೆಂಡತಿ ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹೊಸ ಕೋಚ್ ಫೋಟೋಕ್ಕೆ ನಗುತ್ತಾರೆ. ಶಾಲೆಯ ಬಣ್ಣದ ಟೋಪಿ ಆಗಲೇ ತಲೆಯ ಮೇಲಿರುತ್ತದೆ.

ಫೋಟೋದಲ್ಲಿ ಇಲ್ಲದವರ ಕಡೆ ನನ್ನ ಮನಸ್ಸು ಹೋಗುತ್ತದೆ. ಬೆಳಿಗ್ಗೆ ಭೂಗೋಳ ಕಲಿಸಿ, ಮಧ್ಯಾಹ್ನ ಹುಡುಗರಿಗೆ ಓಟ ಕಲಿಸಿ, ರಾತ್ರಿ ಎದುರಾಳಿಯ ವೀಡಿಯೊ ನೋಡುತ್ತ ಕೂರುತ್ತಿದ್ದ ಸಹಾಯಕ ಕೋಚ್‌ಗಳು ಅವರು. ಹೊಸಬರು ತಮ್ಮ ಜನರನ್ನು ತಮ್ಮ ಜತೆಗೇ ತರುತ್ತಾರೆ. ಹಾಗಾಗಿ ಒಬ್ಬ ಹೆಡ್ ಕೋಚ್ ಹೋದರೆ ಹೋಗುವುದು ಒಂದೇ ಮನೆಯಲ್ಲ, ಹಲವು ಮನೆಗಳು. ಇನ್ನು ಹುಡುಗರು. ಒಂಬತ್ತನೇ ತರಗತಿಯಲ್ಲಿ ಒಬ್ಬರಿಂದ ಕಲಿತ ಸಂಕೇತಗಳನ್ನು ಹತ್ತರಲ್ಲಿ ಮರೆಯಬೇಕು, ಹನ್ನೆರಡರಲ್ಲಿ ಮೂರನೆಯವರ ಭಾಷೆ ಕಲಿಯಬೇಕು. ಮನೆಯಲ್ಲಿ ಅಪ್ಪನಿಲ್ಲದ ಹುಡುಗನಿಗೆ ಕೋಚ್ ಎಂದರೆ ಬರೀ ಕೋಚ್ ಅಲ್ಲ. ಪರೀಕ್ಷೆಯಲ್ಲಿ ಜಾರುತ್ತಿದ್ದಾನೆಂದು ಮೊದಲು ತಿಳಿಯುವುದೂ ಅವರಿಗೇ. ಜನವರಿಯ ಒಂದು ಸೋಮವಾರ ಲಾಕರ್ ಕೋಣೆಯಲ್ಲಿ ಕೂರಿಸಿ ‘ನಾನು ಹೊರಡುತ್ತಿದ್ದೇನೆ’ ಎಂದಾಗ ಆ ಹುಡುಗ ನೆಲ ನೋಡುತ್ತಾನೆ.

ಇದು ನಮ್ಮವರಿಗೆ ತೀರ ದೂರದ ಕತೆಯೇನಲ್ಲ. ಡಲ್ಲಾಸ್ ಸುತ್ತಲಿನ ಫ್ರಿಸ್ಕೋ, ಪ್ಲೇನೋಗಳಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಹೋಗಿ ನೆಲೆಸಿದ ಕನ್ನಡದ ಮನೆಗಳೂ ಇವೆ. ಅವರ ಮಕ್ಕಳು ಓದುವುದು ಇದೇ ಹೈಸ್ಕೂಲುಗಳಲ್ಲಿ. ಅಲ್ಲಿ ಶುಕ್ರವಾರದ ಆಟವೆಂದರೆ ಆಟಗಾರರಷ್ಟೇ ಅಲ್ಲ. ಸಾಲುಗಟ್ಟಿ ನಡೆಯುವ ಬ್ಯಾಂಡ್, ಕುಣಿತದ ತಂಡ, ಊರೇ ಕೂಡುವ ಸಂಜೆ.

ಮತ್ತೆ ಕೋಚ್‌ಗಳ ಮಾತಿಗೆ ಬಂದರೆ, ಟಾಡ್ ಡಾಜ್ ಎಂಬ ಕೋಚ್ ನಡೆದ ದಾರಿ ನೋಡಿ. ಸೌತ್‌ಲೇಕ್ ಕ್ಯಾರಲ್ ಶಾಲೆಗೆ ನಾಲ್ಕು ರಾಜ್ಯ ಪ್ರಶಸ್ತಿ ತಂದರು. ನಾರ್ತ್ ಟೆಕ್ಸಾಸ್ ವಿಶ್ವವಿದ್ಯಾಲಯ ಕರೆಯಿತು, 2010ರಲ್ಲಿ ಹಂಗಾಮಿನ ನಡುವೆಯೇ ತೆಗೆದುಹಾಕಿತು. ಅವರು ಹೈಸ್ಕೂಲಿಗೇ ಮರಳಿ, ಆಸ್ಟಿನ್‌ನ ವೆಸ್ಟ್‌ಲೇಕ್‌ಗೆ 2019ರಿಂದ ಸತತ ಮೂರು ಪ್ರಶಸ್ತಿ ಗೆದ್ದುಕೊಟ್ಟರು. ಮನುಷ್ಯ ಅದೇ, ಜಾಣ್ಮೆಯೂ ಅದೇ. ಬದಲಾದದ್ದು ಅವರಿಗೆ ಸಿಕ್ಕ ಹುಡುಗರು, ಸಿಕ್ಕ ಸಮಯ.

ಗೇನ್ಸ್ ಕೂಡ ಅಬಿಲೀನ್, ಸ್ಯಾನ್ ಏಂಜಲೋ, ಲಬ್ಬಕ್ ಎಂದು ಊರೂರು ಸುತ್ತಿ, 2009ರಲ್ಲಿ ಮತ್ತೆ ಪರ್ಮಿಯನ್ ಕೋಚ್ ಆಗಿ ಬಂದರು. ನಾಲ್ಕು ಹಂಗಾಮು ದುಡಿದರು, ಹಳೆಯ ವೈಭವ ಮರಳಲಿಲ್ಲ. 2022ರ ಆಗಸ್ಟಿನಲ್ಲಿ, 73ನೇ ವಯಸ್ಸಿನಲ್ಲಿ, ಅಲ್ಜೈಮರ್ಸ್ ಕಾಯಿಲೆಯಿಂದ ತೀರಿಕೊಂಡರು.

ಅದೇ ಟೆಕ್ಸಾಸಿನ ಕಾರ್ಪಸ್ ಕ್ರಿಸ್ಟಿಯಲ್ಲಿ ಕ್ಯಾಲಲನ್ ಎಂಬ ಶಾಲೆಯಿದೆ. ಫಿಲ್ ಡ್ಯಾನಹರ್ 1984ರಲ್ಲಿ ಅಲ್ಲಿಗೆ ಕೋಚ್ ಆಗಿ ಬಂದರು. ರಾಜ್ಯ ಪ್ರಶಸ್ತಿಯನ್ನು ಅವರು ಆ ಶಾಲೆಗೆ ಒಮ್ಮೆಯೂ ತಂದುಕೊಡಲಿಲ್ಲ. 2005ರಲ್ಲಿ ಫೈನಲ್‌ವರೆಗೆ ಹೋಗಿ ಸೋತರು. ಊರು ಅವರನ್ನು ಕಳಿಸಲಿಲ್ಲ. ಅಪ್ಪಂದಿರಿಗೆ ಕಲಿಸಿದವರೇ ಮಕ್ಕಳಿಗೂ ಕಲಿಸಿದರು. ನಿವೃತ್ತರಾಗುವ ಹೊತ್ತಿಗೆ ಅವರ ಗೆಲುವು 490, ಟೆಕ್ಸಾಸ್ ಹೈಸ್ಕೂಲ್ ಫುಟ್‌ಬಾಲಿನಲ್ಲಿ ಅಲ್ಲಿಯವರೆಗೆ ಯಾವ ಕೋಚ್‌ಗೂ ಸಿಗದಷ್ಟು. ನನ್ನ ಮಟ್ಟಿಗೆ ಶಾಲೆಯ ಆಟವನ್ನು ಸರಿಯಾಗಿ ನಡೆಸಿದ ಊರು ಅದು.