ಮುಳ್ಳು ಸುಳ್ಳು ಹೇಳುತ್ತಿದೆಯೇ?

ಮಕ್ಕಳೇ, ಟ್ರಾಕ್ಟರಿನಲ್ಲಿ ಡೀಸೆಲ್ ಎಷ್ಟಿದೆ ಎಂದು ತೋರಿಸುವ ಮುಳ್ಳನ್ನು ನೀವು ನೋಡಿರುತ್ತೀರಿ. ಟ್ಯಾಂಕು ತುಂಬಿದ್ದರೂ ಒಮ್ಮೊಮ್ಮೆ ಅದು ‘ಖಾಲಿ’ ಎಂದು ತೋರಿಸುತ್ತದೆ. ಆಗ ಮುಚ್ಚಳ ತೆಗೆದು, ಕಡ್ಡಿ ಅದ್ದಿ ನೋಡಿದರಾಯಿತು. ಆದರೆ ಕಡಲಿನ ನಡುವೆ ಮುಳ್ಳು ಸುಳ್ಳು ಹೇಳಿದರೆ?

ಗೌರಿಬಿದನೂರಿನ ಉತ್ತರ ಪಿನಾಕಿನಿ ಮಳೆ ಬಂದರೆ ಹರಿಯುವ ಹೊಳೆ. ಆದ್ದರಿಂದ ನಮ್ಮ ಕಡೆಯ ಮಕ್ಕಳಲ್ಲಿ ಹಲವರು ಮೋಟಾರು ದೋಣಿ ನೋಡಿರಲಿಕ್ಕಿಲ್ಲ. ಉಡುಪಿ ಜಿಲ್ಲೆಯ ಮಲ್ಪೆ ಬಂದರಿನಲ್ಲಿ ಅವು ಸಾಲುಸಾಲಾಗಿ ನಿಂತಿರುತ್ತವೆ. ದೋಣಿಯ ಹಿಂತುದಿಯಲ್ಲಿ, ನೀರಿನೊಳಗೆ, ಬಾಗಿಲಿನಂತೆ ಅತ್ತಿತ್ತ ತಿರುಗುವ ಒಂದು ಹಲಗೆ ಇರುತ್ತದೆ. ಅದೇ ಚುಕ್ಕಾಣಿ. ಅದು ತಿರುಗಿದ ಕಡೆಗೇ ದೋಣಿಯೂ ತಿರುಗುತ್ತದೆ. ದೋಣಿ ನಡೆಸುವವರು ಸ್ಟೀರಿಂಗ್ ಚಕ್ರ ಹಿಡಿದು ಮುಂದಕ್ಕೆ ನೋಡುತ್ತಿರುತ್ತಾರೆ. ಚುಕ್ಕಾಣಿ ಅವರಿಗೆ ಕಾಣುವುದಿಲ್ಲ. ಚಕ್ರವಾದರೋ ಹಲವು ಸುತ್ತು ತಿರುಗುವಂಥದ್ದು, ಅದನ್ನು ನೋಡಿ ಚುಕ್ಕಾಣಿ ಎಲ್ಲಿದೆಯೆಂದು ಹೇಳಲಾಗದು. ಅದಕ್ಕಾಗಿಯೇ ಕೆಲವು ದೋಣಿಗಳಲ್ಲಿ ಚುಕ್ಕಾಣಿ ಎಷ್ಟು ತಿರುಗಿದೆ ಎಂದು ತೋರಿಸುವ ಮುಳ್ಳು ಇರುತ್ತದೆ. ಕತ್ತಲಲ್ಲಿ, ಕಲ್ಲುಗಳ ನಡುವೆ ಬಂದರಿನೊಳಗೆ ಬರುವಾಗ ಅದು ‘ನೇರ’ ಎಂದು ತಪ್ಪಾಗಿ ತೋರಿಸಿದರೆ ದೋಣಿ ಕಲ್ಲಿನ ಕಡೆಗೇ ಹೋಗಬಹುದು.

ಈ ಮುಳ್ಳು ಚುಕ್ಕಾಣಿಯನ್ನು ನೋಡುವುದೇ ಇಲ್ಲ! ಚುಕ್ಕಾಣಿಗೆ ಒಂದು ಸರಳಿನಿಂದ ಜೋಡಿಸಿದ ‘ಸೆಂಡರ್’ ಎಂಬ ಪುಟ್ಟ ಪೆಟ್ಟಿಗೆ ಇದೆ. ಅದು ವಿದ್ಯುತ್ ಹರಿಯಲು ಒಡ್ಡುವ ತಡೆಗೆ ‘ರೋಧ’ ಎನ್ನುತ್ತೇವೆ. ಒಂದು ಬಗೆಯ ಸೆಂಡರಿನಲ್ಲಿ ಚುಕ್ಕಾಣಿ ಒಂದು ತುದಿಯಲ್ಲಿದ್ದರೆ ರೋಧ ಸುಮಾರು 240 ಓಮ್, ಇನ್ನೊಂದು ತುದಿಯಲ್ಲಿದ್ದರೆ ಸುಮಾರು 33 ಓಮ್. ರೋಧ ಬದಲಾದಂತೆ ತಂತಿಯಲ್ಲಿ ಪ್ರವಾಹ ಬದಲಾಗಿ, ಮುಳ್ಳು ಓಲುತ್ತದೆ. ಟ್ರಾಕ್ಟರಿನ ಟ್ಯಾಂಕಿನಲ್ಲೂ ಇದೇ ಉಪಾಯ. ಅಲ್ಲಿ ಚುಕ್ಕಾಣಿಯ ಬದಲು ತೇಲುವ ಬುರುಡೆ ಇರುತ್ತದೆ, ಅಷ್ಟೇ.

ಈಗ ಮುಳ್ಳು ಒಂದು ತುದಿಗೆ ಹೋಗಿ ಅಂಟಿಕೊಂಡಿದೆ ಎನ್ನಿ. ಕೆಟ್ಟಿರುವುದು ಮೀಟರೋ, ತಂತಿಯೋ, ಸೆಂಡರೋ? ಎಲ್ಲವನ್ನೂ ಬಿಚ್ಚುವವರು ಒಳ್ಳೆಯ ಮೆಕ್ಯಾನಿಕ್ ಅಲ್ಲ. ಅನುಭವಸ್ಥರು ಮೊದಲು ಮೀಟರಿನ ಹಿಂದೆ ಸೆಂಡರಿನ ತಂತಿಯನ್ನು ಕಳಚುತ್ತಾರೆ. ದಾರಿ ಕಡಿದಂತಾಯಿತು, ಮುಳ್ಳು 240ರ ತುದಿಗೆ ಹೋಗಬೇಕು. ನಂತರ ಆ ಜಾಗವನ್ನು ಬ್ಯಾಟರಿಯ ಋಣ ತುದಿಗೆ ಒಂದು ಕ್ಷಣ ಮುಟ್ಟಿಸುತ್ತಾರೆ. ಈಗ ರೋಧವೇ ಇಲ್ಲ. ಮುಳ್ಳು 33ರ ತುದಿಗೆ ಜಿಗಿಯಬೇಕು. ಎರಡೂ ಆದರೆ ಮೀಟರು ಸರಿಯಿದೆ. ತಂತಿಯನ್ನು ಮತ್ತೆ ಜೋಡಿಸಿ, ಇದೇ ಪರೀಕ್ಷೆಯನ್ನು ಸೆಂಡರಿನ ಬಳಿ ಮಾಡುತ್ತಾರೆ. ಅಲ್ಲೂ ಮುಳ್ಳು ಜಿಗಿದರೆ ತಂತಿಯೂ ಸರಿ. ಉಳಿದದ್ದು ಸೆಂಡರು ಮತ್ತು ಅದರಿಂದ ಬ್ಯಾಟರಿಗೆ ಮರಳುವ ತಂತಿ. ಉಪ್ಪು ನೀರು ತಾಗಿ ಅಲ್ಲಿನ ತಿರುಪುಗಳಿಗೆ ಕಿಲುಬು ಹಿಡಿದಿರುವುದೇ ಹೆಚ್ಚು. ಉಜ್ಜಿದರೆ ಎಷ್ಟೋ ಸಲ ಮುಳ್ಳು ಸರಿಹೋಗುತ್ತದೆ!

ಮುಳ್ಳು ನಡುವೆಯೇ ನಿಂತು ಅಲುಗಾಡದಿದ್ದರೆ ವಿದ್ಯುತ್ತನ್ನು ದೂರುವ ಮೊದಲು ಆ ಸರಳು ಕಳಚಿದೆಯೇ ಎಂದು ಕಣ್ಣಿನಿಂದ ನೋಡಬೇಕು.

ಮಾಡಿ ನೋಡಿ: ಪೆನ್ಸಿಲನ್ನು ಉದ್ದಕ್ಕೆ ಸೀಳಿ ಒಳಗಿನ ಕಡ್ಡಿ ಕಾಣುವಂತೆ ಮಾಡಿಕೊಡಲು ಶಿಕ್ಷಕರನ್ನು ಕೇಳಿ. ಮೂರು ಟಾರ್ಚ್ ಸೆಲ್, ಟಾರ್ಚ್ ಬಲ್ಬು, ಪೆನ್ಸಿಲ್ ಕಡ್ಡಿ, ಇವನ್ನು ತಂತಿಯಿಂದ ಒಂದೇ ಸುತ್ತಾಗಿ ಜೋಡಿಸಿ. ಒಂದು ತಂತಿಯ ತುದಿಯನ್ನು ಕಡ್ಡಿಯ ಮೇಲೆ ಜಾರಿಸಿದರೆ ಬಲ್ಬಿನ ಬೆಳಕು ಹೆಚ್ಚು ಕಡಿಮೆಯಾಗುತ್ತದೆ. ಅದೇ ನಿಮ್ಮ ಸೆಂಡರ್. (ಮನೆಯ ಕರೆಂಟಿನ ಹತ್ತಿರ ಇದನ್ನು ಒಯ್ಯಲೇಬೇಡಿ.) ಇನ್ನು ನೀವು ಆಚೆ ಹೋಗಿ. ನಿಮ್ಮ ಗೆಳತಿ ಒಂದು ಕಡೆ ಗುಟ್ಟಾಗಿ ಕಾಗದದ ಚೂರು ಸಿಕ್ಕಿಸಲಿ. ಏನನ್ನೂ ಬಿಚ್ಚದೆ, ಒಂದೇ ಒಂದು ತುಂಡು ತಂತಿಯನ್ನು ಅಲ್ಲಲ್ಲಿ ಮುಟ್ಟಿಸಿ, ಕಾಗದ ಎಲ್ಲಿದೆಯೆಂದು ಹೇಳಬಲ್ಲಿರಾ?