ದೀಪದ ಹಿಂದಿನ ದುಡಿಮೆ

ಸಂಜೆ ಕತ್ತಲು ಕವಿಯುತ್ತಿದ್ದಂತೆ ತುಮಕೂರಿನ ಬೀದಿಗಳಲ್ಲಿ ದೀಪಗಳು ಬೆಳಗುತ್ತವೆ. ಗುಬ್ಬಿಯ ಸುತ್ತಣ ತೆಂಗು, ಅಡಕೆಯ ತೋಟಗಳಲ್ಲಿ ಕೊಳವೆ ಬಾವಿಯ ಪಂಪುಗಳು ನೀರನ್ನೆತ್ತುತ್ತವೆ. ಕುಣಿಗಲಿನ ಹಿಟ್ಟಿನ ಗಿರಣಿಯಲ್ಲಿ ರಾಗಿ ಹಿಟ್ಟಾಗುತ್ತದೆ. ಇವೆಲ್ಲವೂ ನಡೆಯುತ್ತಿರುವಾಗ ವಿದ್ಯುಚ್ಛಕ್ತಿಯನ್ನು ಕುರಿತು ಯಾರೂ ಆಲೋಚಿಸುವುದಿಲ್ಲ. ದೀಪವು ಆರಿದ ಕ್ಷಣದಲ್ಲಿ ಮಾತ್ರ ‘ಕರೆಂಟು ಹೋಯಿತು’ ಎಂಬ ಉದ್ಗಾರ ಮನೆಮನೆಗಳಿಂದಲೂ ಹೊರಡುತ್ತದೆ. ಸರಿಯಾಗಿ ನಡೆದಾಗ ಕಣ್ಣಿಗೆ ಬೀಳದೆ, ತಪ್ಪಿದಾಗ ಮಾತ್ರ ಗಮನಕ್ಕೆ ಬರುವ ಕೆಲಸಗಳು ಲೋಕದಲ್ಲಿ ಕೆಲವಿವೆ. ವಿದ್ಯುತ್ತನ್ನು ಉತ್ಪಾದಿಸುವ ಕೆಲಸವು ಅಂಥವುಗಳಲ್ಲಿ ಒಂದು. ಇಂತಹ ಕೆಲಸಕ್ಕೆ ಮನ್ನಣೆ ದೊರೆಯುವುದು ಹೇಗೆ? ಅದರ ಹಿರಿಮೆಯನ್ನು ಅಳೆಯುವ ಕೋಲು ಯಾವುದು?

ನಮ್ಮ ಜಿಲ್ಲೆಯಿಂದಲೇ ಎರಡು ಉದಾಹರಣೆಗಳನ್ನು ತೆಗೆದುಕೊಳ್ಳೋಣ. ಕುಣಿಗಲ್ ಕುದುರೆಗಳ ಸಾಕಣೆಗೆ ಹೆಸರಾದ ಊರು. ಪಂದ್ಯದ ಕುದುರೆಯ ಸಾಮರ್ಥ್ಯವು ಕೆಲವೇ ನಿಮಿಷಗಳಲ್ಲಿ ಸಾವಿರಾರು ಜನರ ಎದುರಿನಲ್ಲಿ ನಿರ್ಧಾರವಾಗುತ್ತದೆ. ಗುಬ್ಬಿ ನಾಟಕಕ್ಕೆ ಹೆಸರಾದ ಊರು. ಗುಬ್ಬಿ ವೀರಣ್ಣನವರ ಅಭಿನಯವನ್ನು ಜನರು ಕಣ್ಣಾರೆ ಕಂಡು ಮೆಚ್ಚಿದರು. 1972ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ನೀಡಿತು. ಆದರೆ ಅದೇ ನಾಟಕದಲ್ಲಿ ಪರದೆಯನ್ನು ಎಳೆದವರು, ದೀಪವನ್ನು ಹಿಡಿದವರು ಪ್ರೇಕ್ಷಕರ ಕಣ್ಣಿಗೆ ಬೀಳಲಿಲ್ಲ. ಅವರು ಒಂದು ಗಳಿಗೆ ಮೈಮರೆತಿದ್ದರೆ ನಾಟಕವೇ ಕೆಡುತ್ತಿತ್ತು. ವಿದ್ಯುದಾಗಾರದಲ್ಲಿ ದುಡಿಯುವವರು ಇಂತಹ ನೇಪಥ್ಯದ ಜನ. ಅವರ ಸಾಧನೆಯನ್ನು ಗುರುತಿಸಬೇಕಾದರೆ ವರ್ಷಗಟ್ಟಲೆ ಕಾದು, ಲೆಕ್ಕವಿಟ್ಟು ನೋಡಬೇಕಾಗುತ್ತದೆ.

ಈ ನಾಡಿನಲ್ಲಿ ವಿದ್ಯುದುತ್ಪಾದನೆಯ ಚರಿತ್ರೆ ಶಿವನಸಮುದ್ರದಿಂದ ಮೊದಲಾಗುತ್ತದೆ. ಕಾವೇರಿಯ ಜಲಪಾತದಿಂದ ವಿದ್ಯುತ್ತನ್ನು ಪಡೆದು, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಒಯ್ಯುವ ಕಾರ್ಯವು 1902ರಲ್ಲಿ ಕೈಗೂಡಿತು. ಅಂದಿನ ದಿನಗಳಲ್ಲಿ ಅಷ್ಟು ದೂರಕ್ಕೆ ತಂತಿಯ ಮೂಲಕ ವಿದ್ಯುತ್ತನ್ನು ಸಾಗಿಸುವುದು ಜಗತ್ತಿಗೇ ಬೆರಗನ್ನು ತರುವ ಸಾಹಸವಾಗಿತ್ತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಈ ಯೋಜನೆಗೆ ಒತ್ತಾಸೆಯಾಗಿ ನಿಂತ ದಿವಾನ್ ಶೇಷಾದ್ರಿ ಅಯ್ಯರ್ ಅವರು 1901ರಲ್ಲಿಯೇ ತೀರಿಕೊಂಡಿದ್ದರು. ತಾವು ಬಯಸಿದ ಬೆಳಕನ್ನು ನೋಡುವ ಭಾಗ್ಯ ಅವರಿಗೆ ದೊರೆಯಲಿಲ್ಲ. ನೆಟ್ಟವರು ಒಬ್ಬರು, ಫಲವನ್ನು ಉಣ್ಣುವವರು ಇನ್ನೊಬ್ಬರು ಎಂಬ ಮಾತು ಇಲ್ಲಿ ಅಕ್ಷರಶಃ ನಿಜವಾಯಿತು.

ಕಾಲ ಕಳೆದಂತೆ ವಿದ್ಯುದಾಗಾರಗಳ ಸಂಖ್ಯೆ ಬೆಳೆಯಿತು. ಅವುಗಳ ಕೆಲಸವನ್ನು ಹೋಲಿಸಿ ನೋಡಿ, ಉತ್ತಮವಾದುದನ್ನು ಗೌರವಿಸುವ ಪದ್ಧತಿಯೂ ಬೆಳೆಯಿತು. ಕೇಂದ್ರ ಸರ್ಕಾರವು ಉತ್ತಮವಾಗಿ ನಡೆದ ಕೇಂದ್ರಗಳಿಗೆ ಪ್ರಶಸ್ತಿಗಳನ್ನು ನೀಡಿದೆ. ವಿದ್ಯುತ್ತನ್ನೂ ಇಂಧನವನ್ನೂ ಮಿತವಾಗಿ ಬಳಸುವ ಸಂಸ್ಥೆಗಳಿಗೆ 1991ರಿಂದ ಇಂಧನ ಸಂರಕ್ಷಣಾ ಪ್ರಶಸ್ತಿಗಳು ಸಲ್ಲುತ್ತಿವೆ. ಡಿಸೆಂಬರ್ 14ನೆಯ ದಿನವು ಅದಕ್ಕೆ ಮೀಸಲಾಗಿದೆ. ಇಂತಹ ಪ್ರಶಸ್ತಿಗಳಿಗಾಗಿ ಪರಿಶೀಲಿಸುವ ಅಂಶಗಳು ಹಲವು. ಕೇಂದ್ರವು ತನ್ನ ಪೂರ್ಣ ಸಾಮರ್ಥ್ಯದಲ್ಲಿ ಎಷ್ಟು ಪಾಲನ್ನು ವಾಸ್ತವವಾಗಿ ಉತ್ಪಾದಿಸಿತು, ಎಷ್ಟು ಇಂಧನವನ್ನು ವ್ಯಯಿಸಿತು, ಎಷ್ಟು ಬಾರಿ ಅನಿರೀಕ್ಷಿತವಾಗಿ ನಿಂತಿತು, ಕೆಲಸಗಾರರ ಸುರಕ್ಷತೆ ಹೇಗಿತ್ತು, ಸುತ್ತಲಿನ ಗಾಳಿ ನೀರು ಕೆಡದಂತೆ ಎಷ್ಟು ಎಚ್ಚರ ವಹಿಸಲಾಯಿತು ಎಂಬುವು ಅವುಗಳಲ್ಲಿ ಮುಖ್ಯವಾದವು.

ಎಲ್ಲ ಕೇಂದ್ರಗಳನ್ನೂ ಒಂದೇ ಅಳತೆಗೋಲಿನಿಂದ ಅಳೆಯುವುದು ಉಚಿತವಲ್ಲ. ಶರಾವತಿಯ ವಿದ್ಯುದಾಗಾರದಲ್ಲಿ ಹತ್ತು ಯಂತ್ರಗಳಿವೆ. ಅವುಗಳ ಒಟ್ಟು ಸಾಮರ್ಥ್ಯ 1035 ಮೆಗಾವಾಟ್. ನೀರಿನ ಬಲದಿಂದ ನಡೆಯುವ ಈ ಯಂತ್ರಗಳನ್ನು ಬೇಡಿಕೆ ಹೆಚ್ಚಿದಾಗ ಬೇಗನೆ ನಡೆಸಬಹುದು, ತಗ್ಗಿದಾಗ ನಿಲ್ಲಿಸಬಹುದು. ಮಳೆ ಕಡಿಮೆಯಾದ ವರ್ಷ ಮಾತ್ರ ಅವು ಕೈಕಟ್ಟಿ ಕುಳಿತುಕೊಳ್ಳಬೇಕಾಗುತ್ತದೆ. ಕಲ್ಲಿದ್ದಲಿನಿಂದ ನಡೆಯುವ ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕವು 1985ರಲ್ಲಿ ಕೆಲಸ ಮಾಡತೊಡಗಿತು. ಅದಕ್ಕೆ ಮಳೆಯ ಹಂಗಿಲ್ಲ. ಆದರೆ ಹೊಗೆ ಮತ್ತು ಬೂದಿಯ ಹೊರೆಯಿದೆ. ನಮ್ಮ ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆ ಪ್ರದೇಶದಲ್ಲಿ ಹರಡಿರುವ ಸೌರ ಉದ್ಯಾನವು 2019ರ ಕೊನೆಯ ವೇಳೆಗೆ 2050 ಮೆಗಾವಾಟ್ ಸಾಮರ್ಥ್ಯವನ್ನು ಪಡೆದು, ಜಗತ್ತಿನ ಅತಿ ದೊಡ್ಡ ಸೌರ ಉದ್ಯಾನಗಳ ಸಾಲಿನಲ್ಲಿ ಸ್ಥಾನವನ್ನು ಗಳಿಸಿತು. ಬಿಸಿಲಿನ ಹೊತ್ತಿನಲ್ಲಿ ಅದರದು ದೊಡ್ಡ ಕೊಡುಗೆ; ಸೂರ್ಯಾಸ್ತದ ನಂತರ ಅದಕ್ಕೆ ವಿಶ್ರಾಂತಿ. ಹಗಲಿರುಳೆನ್ನದೆ, ಋತುಮಾನವನ್ನು ಲೆಕ್ಕಿಸದೆ ಒಂದೇ ಸಮನೆ ವಿದ್ಯುತ್ತನ್ನು ನೀಡುವ ಕೇಂದ್ರಗಳೂ ನಾಡಿಗೆ ಬೇಕು. ಅಂತಹ ಒಂದು ಕೇಂದ್ರಕ್ಕೆ ಜಗತ್ತಿನ ಮನ್ನಣೆ ದೊರೆತ ಸಂಗತಿಯನ್ನು ಈಗ ನೋಡೋಣ.

ಉತ್ತರ ಕನ್ನಡ ಜಿಲ್ಲೆಯಲ್ಲಿ, ಕಾಳೀ ನದಿಯ ದಂಡೆಯ ದಟ್ಟವಾದ ಅರಣ್ಯದ ನಡುವೆ ಕೈಗಾ ಎಂಬ ಸ್ಥಳವಿದೆ. ಭಾರತೀಯ ಪರಮಾಣು ವಿದ್ಯುತ್ ನಿಗಮವು ಅಲ್ಲಿ ನಾಲ್ಕು ಘಟಕಗಳನ್ನು ಸ್ಥಾಪಿಸಿದೆ. ಪ್ರತಿಯೊಂದರ ಸಾಮರ್ಥ್ಯವೂ 220 ಮೆಗಾವಾಟ್. ಇಲ್ಲಿನ ಇಂಧನ ನೈಸರ್ಗಿಕ ಯುರೇನಿಯಂ. ಯುರೇನಿಯಂ ಪರಮಾಣುಗಳು ಒಡೆದಾಗ ಅಪಾರವಾದ ಶಾಖವು ಹೊರಬೀಳುತ್ತದೆ. ಭಾರಜಲವು ಆ ಶಾಖವನ್ನು ಹೊತ್ತೊಯ್ದು ಬೇರೊಂದು ಪಾತ್ರೆಯಲ್ಲಿರುವ ಸಾಮಾನ್ಯ ನೀರಿಗೆ ವರ್ಗಾಯಿಸುತ್ತದೆ. ಆ ನೀರು ಆವಿಯಾಗಿ ಟರ್ಬೈನನ್ನು ತಿರುಗಿಸುತ್ತದೆ. ಟರ್ಬೈನಿಗೆ ಜೋಡಿಸಿದ ಜನರೇಟರಿನಲ್ಲಿ ವಿದ್ಯುತ್ತು ಹುಟ್ಟುತ್ತದೆ. ಯಂತ್ರಗಳನ್ನು ತಂಪಾಗಿಡಲು ಕದ್ರಾ ಜಲಾಶಯದ ನೀರು ಒದಗುತ್ತದೆ.

ಕೈಗಾದ ಒಂದನೆಯ ಘಟಕವು 2016ರ ಮೇ 13ರಂದು ಕೆಲಸವನ್ನು ಆರಂಭಿಸಿದ ಬಳಿಕ ಎಲ್ಲಿಯೂ ನಿಲ್ಲಲಿಲ್ಲ. ಎರಡು ಮಳೆಗಾಲಗಳು ಕಳೆದವು. ಮೂರನೆಯ ಮಳೆಗಾಲವೂ ಕಳೆಯಿತು. ಇಂಗ್ಲೆಂಡಿನ ಹೇಷಮ್ ಎಂಬಲ್ಲಿನ ಪರಮಾಣು ಘಟಕವೊಂದು 940 ದಿನಗಳ ಕಾಲ ಎಡೆಬಿಡದೆ ನಡೆದು ಜಾಗತಿಕ ದಾಖಲೆಯನ್ನು ಸ್ಥಾಪಿಸಿತ್ತು. 2018ರ ಡಿಸೆಂಬರ್ 10ರಂದು ಕೈಗಾ ಘಟಕವು 941ನೆಯ ದಿನವನ್ನು ಮುಟ್ಟಿ ಆ ದಾಖಲೆಯನ್ನು ಮೀರಿತು. ಅದೇ ತಿಂಗಳ 31ರಂದು ಅದನ್ನು ನಿಲ್ಲಿಸಿದಾಗ ಒಟ್ಟು 962 ದಿನಗಳಾಗಿದ್ದವು.

ಈ ಸಂಖ್ಯೆಯ ಅರ್ಥವನ್ನು ಒಂದು ಚಿಕ್ಕ ಲೆಕ್ಕದಿಂದ ತಿಳಿಯಬಹುದು. ಸಾವಿರ ವಾಟಿನ ಉಪಕರಣವು ಒಂದು ಗಂಟೆ ಬಳಸುವ ವಿದ್ಯುತ್ತನ್ನು ನಾವು ಒಂದು ಯೂನಿಟ್ ಎನ್ನುತ್ತೇವೆ. 220 ಮೆಗಾವಾಟಿನ ಘಟಕವು ಪೂರ್ಣ ಸಾಮರ್ಥ್ಯದಲ್ಲಿ ನಡೆದರೆ ಗಂಟೆಗೆ 2 ಲಕ್ಷದ 20 ಸಾವಿರ ಯೂನಿಟ್, ದಿನಕ್ಕೆ 52 ಲಕ್ಷದ 80 ಸಾವಿರ ಯೂನಿಟ್ ದೊರೆಯುತ್ತದೆ. 962 ದಿನಗಳಿಗೆ ಗುಣಿಸಿದರೆ ಅದು 500 ಕೋಟಿ ಯೂನಿಟ್‌ಗಳನ್ನು ದಾಟುತ್ತದೆ. ಈ ವಿದ್ಯುತ್ತು ‘ಗ್ರಿಡ್’ ಎಂಬ ತಂತಿಗಳ ಮಹಾಜಾಲವನ್ನು ಸೇರಿ, ಇತರ ಕೇಂದ್ರಗಳ ವಿದ್ಯುತ್ತಿನೊಡನೆ ಬೆರೆತು ಊರೂರಿಗೆ ಹರಿಯುತ್ತದೆ. ಹಲವು ಹಳ್ಳಗಳ ನೀರು ಒಂದೇ ಕೆರೆಯನ್ನು ಸೇರಿದ ಮೇಲೆ ಈ ಬೊಗಸೆಯ ನೀರು ಯಾವ ಹಳ್ಳದ್ದೆಂದು ಹೇಳಲಾಗದಷ್ಟೆ. ಹಾಗೆಯೇ ಗುಬ್ಬಿಯ ಒಂದು ಮನೆಯ ದೀಪದಲ್ಲಿ ಕೈಗಾದ ಪಾಲೆಷ್ಟು, ಶರಾವತಿಯ ಪಾಲೆಷ್ಟು ಎಂದು ಬೇರ್ಪಡಿಸಲಾಗದು.

ಇಷ್ಟು ದೀರ್ಘಕಾಲ ನಿಲ್ಲದೆ ನಡೆಯಲು ಕಾರಣವೇನು? ಮೊದಲನೆಯದು ಸ್ಥಾವರದ ವಿನ್ಯಾಸ. ಜಗತ್ತಿನ ಬಹುಪಾಲು ಪರಮಾಣು ಸ್ಥಾವರಗಳನ್ನು ಹೊಸ ಇಂಧನ ತುಂಬುವುದಕ್ಕಾಗಿ ಒಂದು ಅಥವಾ ಎರಡು ವರ್ಷಗಳಿಗೊಮ್ಮೆ ನಿಲ್ಲಿಸಲೇಬೇಕು. ಕೈಗಾದಂತಹ ಭಾರಜಲ ಸ್ಥಾವರದಲ್ಲಿ ಇಂಧನವನ್ನು ಇರಿಸಲು 306 ಅಡ್ಡ ಕೊಳವೆಗಳಿವೆ. ಸ್ಥಾವರವು ನಡೆಯುತ್ತಿರುವಾಗಲೇ ಯಂತ್ರಗಳು ಕೊಳವೆಯ ಒಂದು ತುದಿಯಿಂದ ಹೊಸ ಇಂಧನವನ್ನು ತಳ್ಳಿ, ಇನ್ನೊಂದು ತುದಿಯಿಂದ ಉರಿದುಹೋದುದನ್ನು ಹೊರತೆಗೆಯುತ್ತವೆ. ಉರಿಯುತ್ತಿರುವ ಒಲೆಗೆ ಸೌದೆಯನ್ನು ಒಡ್ಡುತ್ತ ಹೋದಂತೆ ಎನ್ನಬಹುದು.

ವಿನ್ಯಾಸವೊಂದೇ ಸಾಲದು. ಪರಮಾಣು ಸ್ಥಾವರದಲ್ಲಿ ಶಾಖ, ಒತ್ತಡ ಮೊದಲಾದವು ಗೊತ್ತಾದ ಮಿತಿಯನ್ನು ದಾಟಿದರೆ ಸ್ಥಾವರವು ತಾನಾಗಿಯೇ ನಿಂತುಬಿಡುವ ವ್ಯವಸ್ಥೆ ಇರುತ್ತದೆ. ಆದುದರಿಂದ 962 ದಿನ ನಿಲ್ಲಲಿಲ್ಲವೆಂದರೆ, ಅಷ್ಟು ದಿನವೂ ಪಂಪು, ಕವಾಟ, ಕೊಳವೆಗಳು ತಮ್ಮ ಮಿತಿಯೊಳಗೆ ನಡೆದವು ಎಂದು ಅರ್ಥ. ದಿನದ ಇಪ್ಪತ್ತನಾಲ್ಕು ಗಂಟೆಯೂ ಪಾಳಿಯ ಮೇಲೆ ಕುಳಿತು ಮಾಪಕಗಳನ್ನು ಗಮನಿಸಿದವರು, ದೋಷವು ದೊಡ್ಡದಾಗುವ ಮೊದಲೇ ಅದನ್ನು ಗುರುತಿಸಿ ಸರಿಪಡಿಸಿದವರು ಇದಕ್ಕೆ ಕಾರಣರು. ಹೊರಗಿನ ಜಾಲದಲ್ಲಿ ಏರುಪೇರಾದರೂ ಸ್ಥಾವರವು ನಿಲ್ಲಬಹುದು. ಆದುದರಿಂದ ಮಳೆಗಾಳಿಯಲ್ಲಿ ಗೋಪುರಗಳನ್ನು, ತಂತಿಗಳನ್ನು ಕಾಯುವವರಿಗೂ ಈ ಕೀರ್ತಿಯಲ್ಲಿ ಪಾಲಿದೆ.

ಈ ಘಟಕದ ಪೂರ್ವ ಚರಿತ್ರೆಯನ್ನು ನೋಡಿದರೆ ಸಾಧನೆಯ ಬೆಲೆ ಇನ್ನಷ್ಟು ತಿಳಿಯುತ್ತದೆ. ಘಟಕವು ಇನ್ನೂ ನಿರ್ಮಾಣದ ಹಂತದಲ್ಲಿದ್ದಾಗ, 1994ರ ಮೇ 13ರಂದು, ಅದರ ಗುಮ್ಮಟದ ಒಳಪದರದ ಕಾಂಕ್ರೀಟು ಕಳಚಿ ಕೆಳಗೆ ಬಿದ್ದಿತು. ಇಂಧನವನ್ನು ಇನ್ನೂ ತುಂಬಿರಲಿಲ್ಲವಾದುದರಿಂದ ವಿಕಿರಣದ ಅಪಾಯವು ಉಂಟಾಗಲಿಲ್ಲ. ಕಾರಣಗಳನ್ನು ಶೋಧಿಸಿ, ವಿನ್ಯಾಸವನ್ನು ತಿದ್ದಿ, ಗುಮ್ಮಟವನ್ನು ಹೊಸದಾಗಿ ಕಟ್ಟಬೇಕಾಯಿತು. ಘಟಕವು ವಾಣಿಜ್ಯ ಉತ್ಪಾದನೆಗೆ ತೊಡಗಿದ್ದು 2000ದ ನವೆಂಬರಿನಲ್ಲಿ. ದಾಖಲೆಯ ಓಟವು ಮೊದಲಾದದ್ದೂ ಮೇ 13ರಂದೇ ಎಂಬುದು ಕೇವಲ ಆಕಸ್ಮಿಕ. ಆದರೆ ಕುಸಿದ ಗುಮ್ಮಟದಿಂದ ಜಾಗತಿಕ ದಾಖಲೆಯವರೆಗಿನ ಇಪ್ಪತ್ತನಾಲ್ಕು ವರ್ಷಗಳಿಗೂ ಮೀರಿದ ದಾರಿಯಲ್ಲಿ ಆಕಸ್ಮಿಕಕ್ಕೆ ಹೆಚ್ಚು ಸ್ಥಳವಿಲ್ಲ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವುಂಟು. ಡಿಸೆಂಬರ್ 31ರಂದು ಘಟಕವು ಕೆಟ್ಟು ನಿಲ್ಲಲಿಲ್ಲ. ತಪಾಸಣೆಗಾಗಿ ಹಾಗೂ ದುರಸ್ತಿಗಾಗಿ ಅದನ್ನು ನಿಲ್ಲಿಸಲಾಯಿತು. ದಾಖಲೆಯು ದಿನದಿನಕ್ಕೂ ಬೆಳೆಯುತ್ತಿರುವಾಗ ಇನ್ನೂ ಸ್ವಲ್ಪ ನಡೆಯಲಿ ಎಂಬ ಆಸೆ ಮೂಡುವುದು ಸಹಜ. ಆ ಆಸೆಗೆ ಮಣಿಯದೆ, ನಿಲ್ಲಿಸಬೇಕಾದಾಗ ನಿಲ್ಲಿಸುವುದು ಸಹ ನಡೆಸುವಷ್ಟೇ ದೊಡ್ಡ ಹೊಣೆಗಾರಿಕೆ. ಮುಂದೆ ಕೆನಡಾ ದೇಶದ ಡಾರ್ಲಿಂಗ್ಟನ್ ಕೇಂದ್ರದ ಒಂದನೆಯ ಘಟಕವು 2020ರಲ್ಲಿ ಕೈಗಾದ ದಾಖಲೆಯನ್ನು ದಾಟಿತು. 2021ರ ಫೆಬ್ರವರಿಯಲ್ಲಿ ಅದು ನಿಂತಾಗ 1106 ದಿನಗಳಾಗಿದ್ದವು. ಅದೂ ಭಾರಜಲವನ್ನು ಬಳಸುವ ಸ್ಥಾವರವೇ. ದಾಖಲೆಗಳು ಇರುವುದು ಮುರಿಯಲಿಕ್ಕೆ. ದಾಖಲೆಯು ಕೈತಪ್ಪಿದರೂ ಅದನ್ನು ಸಾಧ್ಯಮಾಡಿದ ಶಿಸ್ತು ಕೈತಪ್ಪಬೇಕಾಗಿಲ್ಲ.

ಹಾಗಾದರೆ ಪ್ರಶಸ್ತಿಯು ಎಲ್ಲವನ್ನೂ ಹೇಳುತ್ತದೆಯೆ? ಇಲ್ಲ. ಕೈಗಾ ಯೋಜನೆಯನ್ನು ಆರಂಭದಿಂದಲೂ ವಿರೋಧಿಸಿದವರು ಅನೇಕರು. ಡಾ. ಶಿವರಾಮ ಕಾರಂತರು ಅವರಲ್ಲಿ ಪ್ರಮುಖರು. ಪಶ್ಚಿಮ ಘಟ್ಟದ ಕಾಡು, ಜನಜೀವನಗಳ ಮೇಲೆ ಇದರ ಪರಿಣಾಮವೇನು ಎಂದು ಅವರು ಕೇಳಿದರು. ಪರಿಸರದ ಪ್ರಶ್ನೆಯನ್ನು ಜನರ ಮುಂದಿಡಲು 1989ರಲ್ಲಿ ಇಳಿವಯಸ್ಸಿನಲ್ಲಿಯೂ ಲೋಕಸಭೆಯ ಚುನಾವಣೆಗೆ ನಿಂತರು. ಉರಿದು ಮುಗಿದ ಇಂಧನದ ವಿಕಿರಣವು ಬಹುಕಾಲ ಉಳಿಯುತ್ತದೆ. ಅದನ್ನು ತಲೆಮಾರುಗಳವರೆಗೆ ಕಾಪಾಡಬೇಕಾದ ಹೊಣೆಗೆ 962 ಎಂಬ ಸಂಖ್ಯೆ ಉತ್ತರವನ್ನು ನೀಡದು. ಈ ಪ್ರಶ್ನೆಗಳು ಕೈಗಾಕ್ಕೆ ಮಾತ್ರ ಸೀಮಿತವಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿಯ ಕಣಿವೆಯ ಹಳ್ಳಿಗಳು ಮುಳುಗಿದವು. ಅಲ್ಲಿಂದ ಎದ್ದುಬಂದ ಕುಟುಂಬಗಳು ಭೂಮಿಯ ಹಕ್ಕಿಗಾಗಿ ದಶಕಗಳ ಕಾಲ ಅಲೆದವು. ಪಾವಗಡದಲ್ಲಿ ರೈತರ ಜಮೀನನ್ನು ಕೊಂಡುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದು, ಎರಡು ವರ್ಷಕ್ಕೊಮ್ಮೆ ಏರಿಸುವ ಏರ್ಪಾಡನ್ನು ಮಾಡಲಾಯಿತು. ಜಮೀನುಳ್ಳವರಿಗೆ ಇದು ಆಸರೆಯಾಯಿತು. ಆದರೆ ಆ ಹೊಲಗಳಲ್ಲಿ ಕೂಲಿಮಾಡಿ ಬದುಕುತ್ತಿದ್ದ ಭೂಹೀನರಿಗೆ ಗುತ್ತಿಗೆಯ ಹಣವು ಸಲ್ಲಲಿಲ್ಲ. ದಿನಗಳನ್ನೂ ಯೂನಿಟ್‌ಗಳನ್ನೂ ಎಣಿಸುವಂತೆ ಇಂತಹ ತ್ಯಾಗಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಮಾತ್ರ ಮನ್ನಣೆಯು ನ್ಯಾಯಯುತವೆನಿಸುತ್ತದೆ.

ಪ್ರಶಸ್ತಿಯ ಫಲಕವನ್ನು ವೇದಿಕೆಯ ಮೇಲೆ ಸ್ವೀಕರಿಸುವವರು ಒಬ್ಬಿಬ್ಬರು. ಅದರ ಹಿಂದೆ ಪಾಳಿಯಲ್ಲಿ ಎಚ್ಚರವಾಗಿದ್ದವರಿದ್ದಾರೆ, ಗೋಪುರವನ್ನು ಏರಿದವರಿದ್ದಾರೆ, ಮನೆಮಠಗಳನ್ನು ಬಿಟ್ಟುಕೊಟ್ಟವರಿದ್ದಾರೆ, ಎಚ್ಚರಿಕೆಯ ಮಾತನ್ನು ಧೈರ್ಯವಾಗಿ ಆಡಿದವರೂ ಇದ್ದಾರೆ. ಇವರೆಲ್ಲರ ಪಾಲೂ ಸೇರಿ ಒಂದು ಯೂನಿಟ್ ವಿದ್ಯುತ್ತಾಗಿ ನಮ್ಮ ಮನೆಯನ್ನು ತಲುಪುತ್ತದೆ. ಯಾರೂ ಇಲ್ಲದ ಕೋಣೆಯಲ್ಲಿ ಉರಿಯುತ್ತಿರುವ ದೀಪವನ್ನು ಆರಿಸುವವನು ತಿಂಗಳ ಬಿಲ್ಲಿನಲ್ಲಿ ಕೆಲವು ರೂಪಾಯಿಗಳನ್ನು ಉಳಿಸುತ್ತಾನೆ. ಅದರೊಡನೆ ಕಣ್ಣಿಗೆ ಕಾಣದ ಆ ಜನರ ದುಡಿಮೆಗೆ ಸಲ್ಲಬೇಕಾದ ಗೌರವವನ್ನೂ ಸಲ್ಲಿಸುತ್ತಾನೆ.